ಆಟಿಸಂ: ತಾಯಿಯ ತಪ್ಪೂ ಅಲ್ಲ, ಲಸಿಕೆಯ ತಪ್ಪೂ ಅಲ್ಲ

2025ರ ಸೆಪ್ಟೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಶ್ವೇತಭವನದಲ್ಲಿ ಪತ್ರಕರ್ತರ ಮುಂದೆ ನಿಂತು, ಗರ್ಭಿಣಿಯರು ಟೈಲೆನಾಲ್ ಮಾತ್ರೆ ತೆಗೆದುಕೊಳ್ಳಬಾರದು, ಅದಕ್ಕೂ ಮಕ್ಕಳ ಆಟಿಸಂಗೂ ನಂಟಿದೆ ಎಂದರು. ಟೈಲೆನಾಲ್ ಎಂದರೆ ಬೇರೇನೂ ಅಲ್ಲ, ನಮ್ಮಲ್ಲಿ ಡೋಲೋ, ಕ್ರೋಸಿನ್ ಎಂಬ ಹೆಸರಿನಲ್ಲಿ ಮನೆಮನೆಯಲ್ಲೂ ಇರುವ ಪ್ಯಾರಸಿಟಮಾಲ್. ಎರಡೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಮಾತಿಗೆ ಖಚಿತ ಪುರಾವೆ ಇಲ್ಲವೆಂದು ಸ್ಪಷ್ಟಪಡಿಸಿತು. ಆದರೆ ಸ್ಪಷ್ಟೀಕರಣಕ್ಕಿಂತ ಭಯದ ಕಾಲು ಯಾವಾಗಲೂ ಚುರುಕು. ಬಸಿರಿನ ಏಳನೆಯ ತಿಂಗಳಲ್ಲಿ ಜ್ವರ ಬಂದಾಗ ನುಂಗಿದ ಎರಡು ಮಾತ್ರೆಯನ್ನು ನೆನೆದು, ‘ನನ್ನಿಂದಲೇ ಹೀಗಾಯಿತೇ’ ಎಂದು ಕೊರಗುವ ತಾಯಂದಿರಿಗೆ ಯಾರು ಸಮಾಧಾನ ಹೇಳಬೇಕು?

ಆಟಿಸಂ ಎಂಬ ಹೆಸರು ಹುಟ್ಟಿದಾಗಿನಿಂದಲೂ ಬೆರಳು ಮೊದಲು ತಿರುಗಿರುವುದು ತಾಯಿಯ ಕಡೆಗೇ. ಆ ಬೆರಳನ್ನು ಇಳಿಸಬೇಕಾದರೆ ಆಟಿಸಂ ಏನು, ಏನಲ್ಲ ಎಂಬುದನ್ನು ಬುಡದಿಂದ ತಿಳಿಯಬೇಕು.

ಆಟಿಸಂ ಎಂದರೆ ಏನು?

ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆಯಲ್ಲ, ಮನೋರೋಗವಲ್ಲ. ರಕ್ತಪರೀಕ್ಷೆಯಲ್ಲಾಗಲಿ ಸ್ಕ್ಯಾನಿಂಗ್‌ನಲ್ಲಾಗಲಿ ಕಾಣುವುದಿಲ್ಲ. ಮಗುವಿನ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ ಇದು. ಅದರ ಬೇರು ಮಗು ಹೊಟ್ಟೆಯಲ್ಲಿರುವಾಗಲೇ ಇರುತ್ತದೆ; ಲಕ್ಷಣಗಳು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಎರಡು, ಮೂರನೆಯ ವರ್ಷದಲ್ಲಿ. ಸರ್ಕಾರಿ ಕಾಗದಗಳಲ್ಲಿ ಇದನ್ನು ಸ್ವಲೀನತೆ ಎಂದು ಬರೆಯುವುದುಂಟು. ಆಸ್ಪತ್ರೆಯ ಚೀಟಿಯಲ್ಲಿ ಎಎಸ್‌ಡಿ ಎಂದಿರುತ್ತದೆ, ಅಂದರೆ ಆಟಿಸಂ ಸ್ಪೆಕ್ಟ್ರಮ್ ಡಿಸಾರ್ಡರ್.

ವೈದ್ಯರು ಎರಡು ಬಗೆಯ ಲಕ್ಷಣಗಳನ್ನು ನೋಡುತ್ತಾರೆ. ಮೊದಲನೆಯದು ಒಡನಾಟಕ್ಕೆ ಸಂಬಂಧಿಸಿದ್ದು. ಹೆಸರು ಕರೆದಾಗ ತಿರುಗುವುದು, ಬೆರಳು ತೋರಿಸಿ ‘ಅಲ್ಲಿ ನೋಡು’ ಎನ್ನುವುದು, ಎದುರಿನವರ ಮುಖಭಾವ ಅರಿಯುವುದು, ಮಾತಿಗೆ ಮಾತು ಕೂಡಿಸುವುದು, ಇವೆಲ್ಲ ಬಹುತೇಕ ಮಕ್ಕಳಿಗೆ ಯಾರೂ ಕಲಿಸದೆ ಬರುತ್ತವೆ. ಆಟಿಸಂ ಇರುವ ಮಗುವಿಗೆ ಹಾಗೆ ಬರುವುದಿಲ್ಲ, ಅಥವಾ ಬೇರೆಯದೇ ರೀತಿಯಲ್ಲಿ ಬರುತ್ತವೆ. ಎರಡನೆಯದು ಪುನರಾವರ್ತನೆ, ಗಾಢವಾದ ಆಸಕ್ತಿ ಮತ್ತು ಇಂದ್ರಿಯಗಳ ಸೂಕ್ಷ್ಮತೆ. ಆಟಿಕೆ ಕಾರನ್ನು ಓಡಿಸದೆ ಅದರ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುವುದು, ಶಾಲೆಗೆ ದಿನವೂ ಅದೇ ದಾರಿಯಲ್ಲಿ ಹೋಗಬೇಕೆನ್ನುವುದು, ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಓಡುವುದು ಈ ಗುಂಪಿಗೆ ಸೇರುತ್ತವೆ. ಇದರಲ್ಲಿ ಒಂದೆರಡು ಲಕ್ಷಣ ಯಾವ ಮಗುವಿನಲ್ಲಾದರೂ ಇರಬಹುದು. ಎರಡೂ ಬಗೆಯವು ಒಟ್ಟಿಗೆ ಇದ್ದು, ಚಿಕ್ಕಂದಿನಿಂದಲೇ ಕಂಡುಬಂದು, ದಿನನಿತ್ಯದ ಬದುಕಿಗೆ ತೊಡಕಾಗುತ್ತಿದ್ದರೆ ಮಾತ್ರ ಆಟಿಸಂ ಎನ್ನುತ್ತಾರೆ.

ಈ ಲಕ್ಷಣಗಳನ್ನು ಒಂದು ಪ್ರತ್ಯೇಕ ಸ್ಥಿತಿಯೆಂದು ವೈದ್ಯಲೋಕ ಗುರುತಿಸಿದ್ದು 1943ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮನೋವೈದ್ಯ ಲಿಯೋ ಕಾನರ್ 11 ಮಕ್ಕಳ ಬಗ್ಗೆ ಪ್ರಕಟಿಸಿದ ಲೇಖನದಿಂದ. ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ 1920ರ ದಶಕದಲ್ಲೇ ಇಂಥ ಮಕ್ಕಳ ಬಗ್ಗೆ ಬರೆದಿದ್ದರೂ ಬಹುಕಾಲ ಯಾರೂ ಅದನ್ನು ಗಮನಿಸಲಿಲ್ಲ. ಕಾನರ್ ನೋಡಿದ ಮೊದಲ ಮಗು ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ಡೊನಾಲ್ಡ್ ಟ್ರಿಪ್ಲೆಟ್. ವಕೀಲರಾಗಿದ್ದ ಅವನ ತಂದೆ ಮಗನ ಬಗ್ಗೆ 33 ಪುಟಗಳ ಪತ್ರ ಬರೆದು ಕಳುಹಿಸಿದ್ದರು. ಆ ಹುಡುಗ ಸ್ನಾನ ಮಾಡಬೇಕೆನಿಸಿದಾಗ ‘ನಿನಗೆ ಸ್ನಾನ ಬೇಕಾ?’ ಎನ್ನುತ್ತಿದ್ದ.

ನಮ್ಮ ಮನೆಗಳಲ್ಲೂ ಇದೇ ನಡೆಯುತ್ತದೆ. ಅಮ್ಮ ಲೋಟ ಹಿಡಿದು ‘ನೀರು ಬೇಕಾ ಪುಟ್ಟಾ?’ ಎಂದು ಕೇಳುತ್ತಿರುತ್ತಾಳೆ. ಬಾಯಾರಿದಾಗ ಮಗು ಅಮ್ಮನ ಸೆರಗು ಹಿಡಿದು, ಅದೇ ರಾಗದಲ್ಲಿ, ‘ನೀರು ಬೇಕಾ ಪುಟ್ಟಾ?’ ಎನ್ನುತ್ತದೆ. ನೋಡುವವರಿಗೆ ಇದು ಅರ್ಥವಿಲ್ಲದ ಗಿಳಿಪಾಠ. ಮಗುವಿನ ಮಟ್ಟಿಗೆ ಆ ಇಡೀ ವಾಕ್ಯದ ಅರ್ಥ ‘ನೀರು’ ಎಂದು. ಆ ಮಾತು ಕೇಳಿದಾಗಲೆಲ್ಲ ನೀರು ಸಿಕ್ಕಿದೆಯಲ್ಲ! ಮಾತು ಬಂದ ಮೇಲೂ ಶಬ್ದದ ನೇರ ಅರ್ಥವನ್ನೇ ಹಿಡಿಯುವವರು ಇದ್ದಾರೆ. ಮನೆಗೆ ಬಂದ ನೆಂಟರು ಹೊರಡುವಾಗ ‘ಬರುತ್ತೇನೆ’ ಎಂದದ್ದನ್ನು ನಂಬಿ, ಅವರು ತಿರುಗಿ ಬರುತ್ತಾರೆಂದು ಗೇಟಿನ ಬಳಿ ಕಾಯುವ ಮಗುವಿಗೆ ನಾವು ನಿಜವಾಗಿಯೂ ವಿವರಿಸಿ ಹೇಳಬೇಕಾಗುತ್ತದೆ.

‘ಸ್ವಲ್ಪ’ ಆಟಿಸಂ, ‘ಜಾಸ್ತಿ’ ಆಟಿಸಂ

ಇಂಗ್ಲೆಂಡಿನ ಮನೋವೈದ್ಯೆ ಲೋರ್ನಾ ವಿಂಗ್ ಅವರ ಮಗಳಿಗೇ ಆಟಿಸಂ ಇತ್ತು. ಅವರು ಮತ್ತು ಜೂಡಿತ್ ಗೂಲ್ಡ್ 1970ರ ದಶಕದಲ್ಲಿ ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಮಕ್ಕಳನ್ನು ಅಧ್ಯಯನ ಮಾಡಿದಾಗ, ಕಾನರ್ ವರ್ಣನೆಗೆ ಪೂರ್ತಿ ಹೊಂದದಿದ್ದರೂ ಅದೇ ಬಗೆಯ ತೊಡಕುಗಳಿರುವ ಬಹಳಷ್ಟು ಮಕ್ಕಳು ಸಿಕ್ಕರು. ಸ್ಪೆಕ್ಟ್ರಮ್ ಎಂಬ ಕಲ್ಪನೆ ಬೆಳೆದದ್ದು ಅಲ್ಲಿಂದ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆಸ್ಪರ್ಗರ್ ಸಿಂಡ್ರೋಮ್ ಮುಂತಾದ ಬಿಡಿ ಹೆಸರುಗಳನ್ನು ಕೈಬಿಟ್ಟು ಎಲ್ಲವನ್ನೂ ಆಟಿಸಂ ಸ್ಪೆಕ್ಟ್ರಮ್‌ನೊಳಗೆ ತಂದಿತು.

ಸ್ಪೆಕ್ಟ್ರಮ್ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಒಂದು ಉದ್ದ ಗೆರೆ. ಈ ತುದಿಯಲ್ಲಿ ಸ್ವಲ್ಪ, ಆ ತುದಿಯಲ್ಲಿ ಜಾಸ್ತಿ. ಇದು ಸರಿಯಾದ ಚಿತ್ರವಲ್ಲ. ಅಡುಗೆಮನೆಯ ಒಗ್ಗರಣೆ ಡಬ್ಬಿಯನ್ನು ನೆನಪಿಸಿಕೊಳ್ಳಿ. ಸಾಸಿವೆ, ಜೀರಿಗೆ, ಮೆಂತ್ಯ, ಅರಿಸಿನ, ಒಂದೊಂದಕ್ಕೂ ಒಂದು ಬಟ್ಟಲು. ಒಂದು ಮನೆಯ ಡಬ್ಬಿಯಲ್ಲಿ ಸಾಸಿವೆ ತುಂಬಿ ಜೀರಿಗೆ ತಳ ಕಂಡಿರುತ್ತದೆ, ಇನ್ನೊಂದು ಮನೆಯಲ್ಲಿ ತಿರುವುಮುರುವು. ಆಟಿಸಂನಲ್ಲೂ ಮಾತು, ಕಲಿಕೆ, ಶಬ್ದ ಸಹಿಸುವ ಶಕ್ತಿ, ಬದಲಾವಣೆ ತಾಳುವ ಶಕ್ತಿ, ಕೈಬೆರಳುಗಳ ಹಿಡಿತ, ನಿದ್ದೆ ಎಲ್ಲವೂ ಬೇರೆಬೇರೆ ಬಟ್ಟಲುಗಳು. ಎಂಜಿನಿಯರಿಂಗ್ ಓದಿ ಬೆಂಗಳೂರಿನ ಕಂಪನಿಯಲ್ಲಿ ಕೋಡ್ ಬರೆಯುವ ಯುವತಿಗೆ ಜನ ತುಂಬಿದ ಬಸ್ಸಿನ ಪ್ರಯಾಣ ಅಸಾಧ್ಯವಾಗಬಹುದು. ಒಂದೂ ಮಾತಾಡದ ಹುಡುಗ ಹತ್ತಿರದವರ ದುಃಖವನ್ನು ಎಲ್ಲರಿಗಿಂತ ಮೊದಲು ಗುರುತಿಸಬಹುದು. ಆದ್ದರಿಂದ ‘ನಿಮ್ಮ ಮಗುವಿಗೆ ಸ್ವಲ್ಪವೇ ಅಲ್ಲವೇ?’ ಎಂದು ಸಮಾಧಾನಕ್ಕೆ ಕೇಳುವ ಪ್ರಶ್ನೆಗೆ ತಂದೆತಾಯಿಯ ಬಳಿ ನೇರ ಉತ್ತರ ಇರುವುದಿಲ್ಲ. ಯಾವುದಕ್ಕೆ ನೆರವು ಬೇಕು, ಎಷ್ಟು ಬೇಕು ಎಂದು ಕೇಳಿದರೆ ಅವರು ಹೇಳಬಲ್ಲರು.

ಒಂದು ಎಚ್ಚರಿಕೆಯೂ ಬೇಕು. ‘ಎಲ್ಲರಲ್ಲೂ ಸ್ವಲ್ಪ ಆಟಿಸಂ ಇರುತ್ತದೆ’ ಎಂಬ ಮಾತು ಕೇಳಲು ಹಿತವಾಗಿದ್ದರೂ ಸತ್ಯವಲ್ಲ. ಊಟ, ಶೌಚ, ಸ್ನಾನಕ್ಕೆಲ್ಲ ಜೀವನಪೂರ್ತಿ ಇನ್ನೊಬ್ಬರ ನೆರವು ಬೇಕಾದವರೂ ಆಟಿಸಂ ಇರುವವರಲ್ಲಿದ್ದಾರೆ. ಗಣನೀಯ ಪ್ರಮಾಣದ ಮಕ್ಕಳಲ್ಲಿ ಬೌದ್ಧಿಕ ಬೆಳವಣಿಗೆಯ ಕೊರತೆ ಜೊತೆಗಿರುತ್ತದೆ, ಕೆಲವರಿಗೆ ಮೂರ್ಛೆರೋಗವಿರುತ್ತದೆ. ಆ ಮನೆಗಳ ದಣಿವನ್ನು ಹಗುರಮಾಡಿ ಮಾತಾಡುವುದು ಸರಿಯಲ್ಲ.

ಹಠವೆಂದು ಕಾಣುವುದು

ಮದುವೆ ಛತ್ರದ ದೃಶ್ಯವೊಂದನ್ನು ಊಹಿಸಿ. ಗಟ್ಟಿಮೇಳಕ್ಕೆ ಡೋಲು, ನಾದಸ್ವರ ಒಮ್ಮೆಲೇ ಏರುತ್ತವೆ. ಮೈಕ್ ಕಿರುಚುತ್ತದೆ, ವೀಡಿಯೊದವರ ದೀಪ ಕಣ್ಣಿಗೆ ಹೊಡೆಯುತ್ತದೆ. ಹೊಸ ಅಂಗಿಯ ಕತ್ತಿನ ಹಿಂದಿನ ಚೀಟಿ ಚುಚ್ಚುತ್ತಿರುತ್ತದೆ. ಮಲ್ಲಿಗೆ, ಊದುಬತ್ತಿ, ಒಗ್ಗರಣೆ ಎಲ್ಲದರ ವಾಸನೆ ಬೆರೆತಿರುತ್ತದೆ. ನಮ್ಮ ಮಿದುಳು ಇದರಲ್ಲಿ ಬೇಡದ್ದನ್ನು ತಾನೇ ತಗ್ಗಿಸಿಬಿಡುತ್ತದೆ. ಪಕ್ಕದವರ ಮಾತು ನಮಗೆ ಕೇಳುವುದು ಹಾಗೆ. ಆಟಿಸಂ ಇರುವ ಹಲವರಲ್ಲಿ ಈ ತಗ್ಗಿಸುವ ಕೆಲಸ ಸರಿಯಾಗಿ ನಡೆಯುವುದಿಲ್ಲ. ಎಲ್ಲವೂ ಒಂದೇ ಜೋರಿನಲ್ಲಿ ಒಳಗೆ ನುಗ್ಗುತ್ತದೆ. ಐದು ವರ್ಷದ ಮಗು ನೆಲದ ಮೇಲೆ ಬಿದ್ದು ಕಿರುಚುತ್ತದೆ, ತಲೆ ಚಚ್ಚಿಕೊಳ್ಳುತ್ತದೆ. ಸುತ್ತಲಿನವರು ‘ಮುದ್ದು ಮಾಡಿ ಕೆಡಿಸಿದ್ದಾರೆ, ಎರಡು ಬಿಗಿದರೆ ಸರಿಹೋಗುತ್ತಾನೆ’ ಎನ್ನುತ್ತಾರೆ.

ಹಠಕ್ಕೂ ಇದಕ್ಕೂ ವ್ಯತ್ಯಾಸವಿದೆ. ಹಠಕ್ಕೆ ಗುರಿ ಇರುತ್ತದೆ. ಚಾಕೊಲೇಟ್ ಕೊಟ್ಟರೆ ನಿಲ್ಲುತ್ತದೆ, ಯಾರೂ ನೋಡದಿದ್ದರೆ ತಣ್ಣಗಾಗುತ್ತದೆ. ಇದು ತಾಳುವ ಮಿತಿ ಮೀರಿದಾಗಿನ ಕುಸಿತ. ಚಾಕೊಲೇಟೂ ಪೆಟ್ಟೂ ಎರಡೂ ಇಲ್ಲಿ ಕೆಲಸ ಮಾಡುವುದಿಲ್ಲ. ಮಗುವನ್ನು ಸದ್ದಿಲ್ಲದ ಜಾಗಕ್ಕೆ ಕರೆದೊಯ್ದು ಸುಮ್ಮನೆ ಜೊತೆಗಿರುವುದು ಕೆಲಸ ಮಾಡುತ್ತದೆ. ಕೈ ಬಡಿಯುವುದು, ಮೈ ತೂಗುವುದು, ಗಿರಗಿರನೆ ತಿರುಗುವುದು ಕೂಡ ಬಹುಪಾಲು ತನ್ನನ್ನು ತಾನು ಸಂಭಾಳಿಸಿಕೊಳ್ಳುವ ದಾರಿಗಳು. ಗಾಯವಾಗದಿದ್ದರೆ ಅವನ್ನು ತಡೆಯಬೇಕಾಗಿಲ್ಲ.

ತಾಯಿಯಿಂದ ಲಸಿಕೆಗೆ, ಲಸಿಕೆಯಿಂದ ಮೊಬೈಲಿಗೆ

ಕಾನರ್ ತಮ್ಮ ಮೊದಲ ಲೇಖನದಲ್ಲಿ ಇದು ಹುಟ್ಟಿನಿಂದ ಬಂದದ್ದು ಎಂದಿದ್ದರು. ಆದರೆ ಅದೇ ದಶಕದ ಕೊನೆಗೆ ತಂದೆತಾಯಿಯ ತಣ್ಣನೆಯ ಸ್ವಭಾವದತ್ತ ಬೆಟ್ಟು ಮಾಡಿದರು. ಶಿಕಾಗೋದಲ್ಲಿ ಮಕ್ಕಳ ಚಿಕಿತ್ಸಾ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ ಅದನ್ನು ಇನ್ನಷ್ಟು ದೂರ ಒಯ್ದು, ಪ್ರೀತಿ ಕೊಡದ ತಾಯಿಯಿಂದಲೇ ಮಗು ತನ್ನೊಳಗೆ ಮುದುಡುತ್ತದೆ ಎಂದು ಪ್ರಚಾರ ಮಾಡಿದರು. ಅಂಥ ತಾಯಂದಿರಿಗೆ ‘ರೆಫ್ರಿಜರೇಟರ್ ತಾಯಂದಿರು’ ಎಂಬ ಹೆಸರೇ ಬಿತ್ತು. ಒಂದು ಇಡೀ ತಲೆಮಾರಿನ ತಾಯಂದಿರು ಮಗುವನ್ನೂ ಸಾಕಿ ಅಪವಾದವನ್ನೂ ಹೊತ್ತರು. ಆಟಿಸಂ ಇರುವ ಮಗನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಇದರ ಮೂಲ ದೇಹದಲ್ಲಿದೆ, ಸಾಕಣೆಯಲ್ಲಿಲ್ಲ ಎಂದು ವಾದಿಸಿದರು. 1969ರಲ್ಲಿ ಕಾನರ್ ಸ್ವತಃ ಪೋಷಕರ ಸಭೆಯೊಂದರಲ್ಲಿ ಅವರನ್ನು ದೋಷಮುಕ್ತರೆಂದು ಸಾರಿದರು.

ಮುಂದಿನ ಸರದಿ ಲಸಿಕೆಯದು. 1998ರಲ್ಲಿ ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ನೋಡಿ, ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಮಕ್ಕಳ ವಿವರಗಳನ್ನು ತಿರುಚಿದ್ದನ್ನೂ, ಲಸಿಕೆ ಕಂಪನಿಗಳ ವಿರುದ್ಧ ಮೊಕದ್ದಮೆ ಹೂಡಲು ಸಜ್ಜಾಗುತ್ತಿದ್ದ ವಕೀಲರಿಂದ ಅವರು ಹಣ ಪಡೆದದ್ದನ್ನೂ ಪತ್ರಕರ್ತ ಬ್ರಯಾನ್ ಡೀರ್ ಬಯಲಿಗೆಳೆದರು. 2010ರಲ್ಲಿ ಲ್ಯಾನ್ಸೆಟ್ ಆ ಲೇಖನವನ್ನು ಹಿಂತೆಗೆದುಕೊಂಡಿತು, ಅದೇ ವರ್ಷ ವೇಕ್‌ಫೀಲ್ಡ್ ಹೆಸರನ್ನು ವೈದ್ಯರ ನೋಂದಣಿಯಿಂದ ಕಿತ್ತುಹಾಕಲಾಯಿತು. ಡೆನ್ಮಾರ್ಕ್‌ನಲ್ಲಿ 6,57,461 ಮಕ್ಕಳನ್ನು ಹಿಂಬಾಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಂಎಂಆರ್ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಾಗಿ ಕಂಡುಬರಲಿಲ್ಲ. ಜಪಾನ್ 1993ರಲ್ಲಿ ಬೇರೆ ಕಾರಣಕ್ಕೆ ಎಂಎಂಆರ್ ಲಸಿಕೆಯನ್ನು ನಿಲ್ಲಿಸಿತ್ತು. ಆ ಬಳಿಕವೂ ಯೊಕೊಹಾಮಾ ನಗರದಲ್ಲಿ ಆಟಿಸಂ ಪ್ರಕರಣಗಳು ಏರುತ್ತಲೇ ಹೋದವು. ಲಸಿಕೆ ಕಾರಣವಾಗಿದ್ದರೆ ಇಳಿಯಬೇಕಿತ್ತು.

ಹಾಗಿದ್ದರೂ ಜನ ಏಕೆ ನಂಬುತ್ತಾರೆ? ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಎರಡನೆಯ ಡೋಸ್ ಕೊಡುವುದು ಮಗುವಿಗೆ 16ರಿಂದ 24 ತಿಂಗಳಾದಾಗ. ಆಟಿಸಂ ಲಕ್ಷಣಗಳು ಕಣ್ಣಿಗೆ ಬೀಳುವುದೂ, ಕೆಲವು ಮಕ್ಕಳಲ್ಲಿ ಬಂದ ಮಾತು ನಿಂತುಹೋಗುವುದೂ ಅದೇ ವಯಸ್ಸಿನಲ್ಲಿ. ಒಂದರ ಹಿಂದೆ ಒಂದು ಬಂದದ್ದನ್ನು ಒಂದರಿಂದ ಒಂದು ಬಂತೆಂದು ಭಾವಿಸುವುದು ಮನುಷ್ಯ ಸಹಜ. ನೊಂದ ತಂದೆತಾಯಿಯನ್ನು ಇದಕ್ಕಾಗಿ ದಡ್ಡರೆಂದು ಜರಿಯಬಾರದು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ದೇಶವ್ಯಾಪಿ ಅಭಿಯಾನ ಶುರುವಾದದ್ದು ಬೆಂಗಳೂರಿನಿಂದಲೇ. ಆಗ ವಾಟ್ಸ್ಆ್ಯಪ್ ವದಂತಿಗಳಿಗೆ ಬೆದರಿ ಹಿಂದೇಟು ಹಾಕಿದ ಪೋಷಕರು ಕಡಿಮೆಯಿರಲಿಲ್ಲ. ದಡಾರ ಮಾತ್ರ ಇಂದಿಗೂ ಮಕ್ಕಳನ್ನು ಕೊಲ್ಲುವ ರೋಗ.

ಈಗ ಪ್ಯಾರಸಿಟಮಾಲ್. ಮಾತ್ರೆ ತೆಗೆದುಕೊಂಡ ಮತ್ತು ತೆಗೆದುಕೊಳ್ಳದ ತಾಯಂದಿರ ಮಕ್ಕಳನ್ನು ಹೋಲಿಸಿದ ಕೆಲವು ಅಧ್ಯಯನಗಳಲ್ಲಿ ಸಣ್ಣ ವ್ಯತ್ಯಾಸ ಕಂಡದ್ದು ನಿಜ. ಆದರೆ ಮಾತ್ರೆ ನುಂಗಿದವರು ಜ್ವರ, ಸೋಂಕು, ತಲೆನೋವು ಇದ್ದವರು. ವ್ಯತ್ಯಾಸ ಬಂದದ್ದು ಮಾತ್ರೆಯಿಂದಲೋ ಕಾಯಿಲೆಯಿಂದಲೋ ಅನುವಂಶೀಯತೆಯಿಂದಲೋ? ಇದನ್ನು ಬಿಡಿಸಲು ಸ್ವೀಡನ್ನಿನ ಸಂಶೋಧಕರು ಸುಮಾರು 25 ಲಕ್ಷ ಮಕ್ಕಳ ದಾಖಲೆ ತೆಗೆದು, ಒಂದೇ ತಾಯಿಯ ಮಕ್ಕಳನ್ನು ಪರಸ್ಪರ ಹೋಲಿಸಿದರು. ಒಂದು ಬಸಿರಿನಲ್ಲಿ ಮಾತ್ರೆ ತೆಗೆದುಕೊಂಡು ಇನ್ನೊಂದರಲ್ಲಿ ತೆಗೆದುಕೊಳ್ಳದ ತಾಯಂದಿರವರು. ಹೀಗೆ ಹೋಲಿಸಿದಾಗ ನಂಟು ಮಾಯವಾಯಿತು. 2024ರಲ್ಲಿ ಪ್ರಕಟವಾದ ಈ ಅಧ್ಯಯನದ ಜೊತೆಗೆ ನೆನಪಿಡಬೇಕಾದದ್ದು ಇಷ್ಟು: ಬಸಿರಿನಲ್ಲಿ ಜ್ವರವನ್ನು ಹಾಗೆಯೇ ಬಿಡುವುದೇ ಅಪಾಯಕಾರಿ. ವೈದ್ಯರು ಹೇಳಿದ ಪ್ರಮಾಣದಲ್ಲಿ ಮಾತ್ರೆ ತೆಗೆದುಕೊಂಡ ತಾಯಿ ಕೊರಗಬೇಕಾದ ಕಾರಣವಿಲ್ಲ.

ಕರ್ನಾಟಕದ ಮನೆಗಳಲ್ಲಿ ಇವತ್ತು ಹೆಚ್ಚು ಕೇಳಿಬರುವ ಆರೋಪ ಮೊಬೈಲಿನದು. ‘ವರ್ಚುವಲ್ ಆಟಿಸಂ’ ಎಂಬ ಪದ ಯೂಟ್ಯೂಬಿನಲ್ಲಿ ಧಾರಾಳವಾಗಿ ಓಡಾಡುತ್ತಿದೆ. ವೈದ್ಯರು ಬಳಸುವ ಎರಡು ಮುಖ್ಯ ಅಂತಾರಾಷ್ಟ್ರೀಯ ಕೈಪಿಡಿಗಳಲ್ಲಿ ಅಂಥದೊಂದು ಸ್ಥಿತಿ ಇಲ್ಲ. ದಿನವಿಡೀ ಪರದೆ ನೋಡುವ ಮಗು ಮನುಷ್ಯರೊಂದಿಗೆ ಮಾತಾಡುವ ಹೊತ್ತನ್ನು ಕಳೆದುಕೊಳ್ಳುತ್ತದೆ, ಮಾತು ತಡವಾಗಬಹುದು, ಆದ್ದರಿಂದ ಮೊಬೈಲ್ ಕಡಿಮೆ ಮಾಡುವುದು ಒಳ್ಳೆಯದೇ. ಆದರೆ ಮೊಬೈಲ್ ಆಟಿಸಂ ತರುತ್ತದೆ ಎನ್ನಲು ಪುರಾವೆಯಿಲ್ಲ. ಜನರ ಮುಖಕ್ಕಿಂತ ಪರದೆಯ ಮೇಲಿನ ಪುನರಾವರ್ತನೆ ಹಿತವೆನಿಸುವ ಮಗು ತಾನಾಗಿಯೇ ಅದರತ್ತ ಹೆಚ್ಚು ವಾಲುವ ಸಾಧ್ಯತೆಯೂ ಇದೆ. ‘ಮೊಬೈಲ್ ಬಿಡಿಸಿ, ಆರು ತಿಂಗಳು ನೋಡೋಣ’ ಎಂಬ ಸಲಹೆಯನ್ನು ನೆಚ್ಚಿ ತಪಾಸಣೆಯನ್ನು ಮುಂದೂಡಿದರೆ ನಷ್ಟ ಮಗುವಿಗೆ.

ಹಾಗಾದರೆ ಕಾರಣವೇನು?

ಬಹುಪಾಲು ಉತ್ತರ ಜೀನ್‌ಗಳಲ್ಲಿ, ಅಂದರೆ ವಂಶವಾಹಿಗಳಲ್ಲಿದೆ. 1977ರಲ್ಲಿ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟರ್ 21 ಅವಳಿ ಜೋಡಿಗಳನ್ನು ಪರಿಶೀಲಿಸಿದರು. ಒಂದೇ ಅಂಡದಿಂದ ಹುಟ್ಟಿದ 11 ಜೋಡಿಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ಬೇರೆ ಅಂಡಗಳಿಂದ ಹುಟ್ಟಿದ 10 ಜೋಡಿಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಎರಡೂ ಬಗೆಯವರು ಒಂದೇ ಮನೆಯಲ್ಲಿ, ಒಂದೇ ತಾಯಿಯ ಕೈಯಲ್ಲಿ ಬೆಳೆದವರು. ಭಿನ್ನವಾಗಿದ್ದದ್ದು ಹಂಚಿಕೊಂಡ ಜೀನ್‌ಗಳ ಪ್ರಮಾಣ. ನಂತರದ ದೊಡ್ಡ ಅಧ್ಯಯನಗಳು ಅನುವಂಶೀಯತೆಯ ಪಾಲು ಸುಮಾರು 80% ಎಂದು ಅಂದಾಜಿಸಿವೆ. ಅದು ಒಂದೇ ಒಂದು ಜೀನ್ ಅಲ್ಲ. ನೂರಕ್ಕೂ ಹೆಚ್ಚು ಜೀನ್‌ಗಳು ಇದುವರೆಗೆ ಗುರುತಿಗೆ ಬಂದಿವೆ, ಅವುಗಳಲ್ಲಿ ಹಲವು ಭ್ರೂಣದ ಮಿದುಳಿನಲ್ಲಿ ನರಕೋಶಗಳ ನಡುವಿನ ಸಂಪರ್ಕಗಳನ್ನು ಕಟ್ಟುವ ಕೆಲಸ ಮಾಡುತ್ತವೆ. ಕೆಲವು ಬದಲಾವಣೆಗಳು ತಂದೆತಾಯಿಯಿಂದ ಬರುತ್ತವೆ, ಕೆಲವು ಆ ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತವೆ. ಮೊದಲ ಮಗುವಿಗೆ ಆಟಿಸಂ ಇದ್ದರೆ ಎರಡನೆಯದಕ್ಕೂ ಬರುವ ಸಾಧ್ಯತೆ ಸುಮಾರು ಐದರಲ್ಲಿ ಒಂದು.

ಜೀನ್‌ಗಳ ಹೊರಗೆ, ತಂದೆತಾಯಿಯ ಹೆಚ್ಚಿನ ವಯಸ್ಸು, ತೀರ ಅವಧಿಪೂರ್ವ ಹೆರಿಗೆ, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್ ಔಷಧವನ್ನು ಬಸಿರಿನಲ್ಲಿ ತೆಗೆದುಕೊಳ್ಳುವುದು ಸಾಧ್ಯತೆಯನ್ನು ಹೆಚ್ಚಿಸುತ್ತವೆ. ಇವುಗಳಲ್ಲಿ ಯಾವುದೂ ಒಬ್ಬ ತಾಯಿಯ ಗುಣಕ್ಕಾಗಲಿ ಪ್ರೀತಿಗಾಗಲಿ ಸಂಬಂಧಿಸಿದ್ದಲ್ಲ.

ಇಷ್ಟೊಂದು ಮಕ್ಕಳು ಎಲ್ಲಿಂದ ಬಂದರು?

ಅಮೆರಿಕದ ಸರ್ಕಾರಿ ಲೆಕ್ಕದಲ್ಲಿ 2000ನೇ ಇಸವಿಯಲ್ಲಿ ಎಂಟು ವರ್ಷದ 150 ಮಕ್ಕಳಿಗೆ ಒಬ್ಬರಲ್ಲಿ ಆಟಿಸಂ ಇತ್ತು. 2022ರಲ್ಲಿ 31 ಮಕ್ಕಳಿಗೆ ಒಬ್ಬರು. ಜಗತ್ತಿನ ಮಟ್ಟದಲ್ಲಿ 127 ಜನರಿಗೆ ಒಬ್ಬರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಅಂದಾಜು. ಈ ಏರಿಕೆಯ ದೊಡ್ಡ ಭಾಗ ಗುರುತಿಸುವ ಕ್ರಮ ಬದಲಾದದ್ದರಿಂದ ಬಂದದ್ದು. ವ್ಯಾಖ್ಯೆ ಹಿಗ್ಗಿತು, ವೈದ್ಯರು ಮತ್ತು ಶಿಕ್ಷಕರಿಗೆ ತಿಳಿವಳಿಕೆ ಬಂತು, ಹಿಂದೆ ಬುದ್ಧಿಮಾಂದ್ಯರೆಂಬ ಪಟ್ಟಿಯಲ್ಲಿದ್ದ ಮಕ್ಕಳು ಸರಿಯಾದ ಹೆಸರಿನಡಿ ಬಂದರು. ನಮ್ಮ ಹಳ್ಳಿಗಳಲ್ಲೂ ಯಾರೊಂದಿಗೂ ಸೇರದೆ ಜಗಲಿಯ ಮೂಲೆಯಲ್ಲಿ ಒಬ್ಬನೇ ಕೂರುತ್ತಿದ್ದ, ಊರಿನ ಎಲ್ಲ ಬಸ್ಸುಗಳ ವೇಳೆ ಹೇಳಬಲ್ಲ ದೊಡ್ಡಪ್ಪನೊಬ್ಬ ಇರುತ್ತಿದ್ದ. ಅವನಿಗೆ ಯಾರೂ ಹೆಸರಿಟ್ಟಿರಲಿಲ್ಲ, ಅಥವಾ ಕೆಟ್ಟ ಹೆಸರಿಟ್ಟಿದ್ದರು.

ಲೆಕ್ಕದಿಂದ ಈಗಲೂ ತಪ್ಪಿಸಿಕೊಳ್ಳುವವರು ಹೆಣ್ಣುಮಕ್ಕಳು. ಹುಡುಗರಲ್ಲಿ ಆಟಿಸಂ ಸುಮಾರು ಮೂರು ಪಟ್ಟು ಹೆಚ್ಚಾಗಿ ಗುರುತಾಗುತ್ತದೆ. ಹುಡುಗಿಯರು ಉಳಿದವರನ್ನು ನೋಡಿ ನಗುವುದು, ತಲೆಯಾಡಿಸುವುದನ್ನು ಅನುಕರಿಸಿ ತಮ್ಮ ಕಷ್ಟವನ್ನು ಮುಚ್ಚಿಡುವುದು ಇದಕ್ಕೊಂದು ಕಾರಣ. ಗದ್ದಲ ಮಾಡದ ಹುಡುಗಿಯನ್ನು ‘ಎಷ್ಟು ಸಾಧು’ ಎಂದು ಹೊಗಳುವ ನಮ್ಮ ಮನೆಗಳಲ್ಲಿ ಅವಳ ಬಳಲಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಭಾವನೆಯಿಲ್ಲ, ಇಲ್ಲವೇ ಮೇಧಾವಿ

ಇವೆರಡೂ ತಪ್ಪು ಕಲ್ಪನೆಗಳೇ. ಆಟಿಸಂ ಇರುವವರಿಗೆ ಇತರರ ಬಗ್ಗೆ ಅನುಕಂಪ ಇಲ್ಲ ಎಂಬುದು ಹಳೆಯ ನಂಬಿಕೆ. ಬ್ರಿಟನ್ನಿನ ಸಂಶೋಧಕ, ಸ್ವತಃ ಆಟಿಸಂ ಇರುವ ಡೇಮಿಯನ್ ಮಿಲ್ಟನ್ 2012ರಲ್ಲಿ ಪ್ರಶ್ನೆಯನ್ನೇ ತಿರುಗಿಸಿದರು: ಅವರಿಗೆ ನಾವು ಅರ್ಥವಾಗದಿದ್ದರೆ, ನಮಗೆ ಅವರು ಅರ್ಥವಾಗುತ್ತಿದ್ದಾರೆಯೇ? 2020ರಲ್ಲಿ ಎಡಿನ್‌ಬರೋದ ಸಂಶೋಧಕರು ಎಂಟೆಂಟು ಜನರ ಸಾಲು ಮಾಡಿ, ಒಂದು ಕತೆಯನ್ನು ಒಬ್ಬರಿಂದ ಒಬ್ಬರಿಗೆ ಹೇಳಿಸಿದರು. ಆಟಿಸಂ ಇರುವವರೇ ಇದ್ದ ಸಾಲಿನಲ್ಲಿ ಕತೆ ಉಳಿದವರ ಸಾಲಿನಷ್ಟೇ ಚೆನ್ನಾಗಿ ಕೊನೆ ಮುಟ್ಟಿತು. ಹೆಚ್ಚು ಸೋರಿಹೋದದ್ದು ಎರಡೂ ಬಗೆಯವರು ಬೆರೆತಿದ್ದ ಸಾಲಿನಲ್ಲಿ. ಅಂದರೆ ಕೊರತೆ ಒಬ್ಬರೊಳಗಿಲ್ಲ, ಇಬ್ಬರ ನಡುವೆ ಇದೆ.

ಇನ್ನೊಂದು ಕಡೆ, ಸಿನಿಮಾಗಳು ಬಿತ್ತಿದ ಅಸಾಮಾನ್ಯ ಪ್ರತಿಭೆಯ ಕಲ್ಪನೆ. 1988ರ ಪ್ರಸಿದ್ಧ ಹಾಲಿವುಡ್ ಚಿತ್ರ ‘ರೇನ್ ಮ್ಯಾನ್’ನ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರಿಗೆ ಇದ್ದದ್ದು ಮಿದುಳಿನ ಎರಡು ಭಾಗಗಳನ್ನು ಬೆಸೆಯುವ ನರಪಟ್ಟಿ ಹುಟ್ಟಿನಿಂದ ಇಲ್ಲದ ಸ್ಥಿತಿ. ಅವರಿಗೆ ಆಟಿಸಂ ಇರಲಿಲ್ಲ ಎಂಬುದು ತಜ್ಞರ ಅಭಿಪ್ರಾಯ. ಅಸಾಧಾರಣ ನೆನಪು, ಗಣಿತ, ಸಂಗೀತ ಕೆಲವರಲ್ಲಿ ಇದೆ. ಬಹುಪಾಲು ಮಕ್ಕಳು ಹಾಗಲ್ಲ. ‘ನಿಮ್ಮ ಮಗನ ವಿಶೇಷ ಪ್ರತಿಭೆ ಯಾವುದು?’ ಎಂಬ ಪ್ರಶ್ನೆ, ಹಲ್ಲುಜ್ಜಲು ಕಲಿಸುವುದಕ್ಕೇ ವರ್ಷಗಟ್ಟಲೆ ಹೆಣಗಿದ ತಾಯಿಗೆ ಎಷ್ಟು ನೋಯಿಸುತ್ತದೆ ಎಂಬುದನ್ನು ಕೇಳುವವರು ಯೋಚಿಸಬೇಕು.

ಯಾವಾಗ ತೋರಿಸಬೇಕು, ಎಲ್ಲಿ?

ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ತೊದಲದಿದ್ದರೆ. ಒಂದೂವರೆ ವರ್ಷವಾದರೂ ಬೆರಳು ತೋರಿಸದಿದ್ದರೆ. ಎರಡು ವರ್ಷಕ್ಕೆ ‘ಅಮ್ಮ ಬಾ’ ಎಂಬಂಥ ಎರಡು ಪದಗಳ ಮಾತು ಬಾರದಿದ್ದರೆ. ಯಾವುದೇ ವಯಸ್ಸಿನಲ್ಲಿ ಬಂದ ಮಾತು ನಿಂತುಹೋದರೆ ಕಾಯಬೇಡಿ. ‘ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು’ ಎಂದು ಅಜ್ಜಿ ಹೇಳಬಹುದು. ನಾಲಿಗೆಗೆ ಬಜೆ ತೇಯ್ದು ಹಚ್ಚುವುದು, ದೃಷ್ಟಿ ತೆಗೆಯುವುದು, ಹರಕೆ ಹೊರುವುದು ಅಕ್ಕರೆಯಿಂದ ಮಾಡುವಂಥವೇ. ಅವುಗಳ ಕಾರಣಕ್ಕೆ ತಪಾಸಣೆ ನಿಲ್ಲದಿರಲಿ. ಮೊದಲು ಕಿವಿ ಕೇಳುತ್ತದೆಯೇ ಎಂದು ಪರೀಕ್ಷಿಸುತ್ತಾರೆ, ಏಕೆಂದರೆ ಕಿವುಡು ಮಗುವೂ ಹೆಸರಿಗೆ ತಿರುಗುವುದಿಲ್ಲ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ (ಆರ್‌ಬಿಎಸ್‌ಕೆ) ಅಂಗನವಾಡಿ, ಶಾಲೆಗಳಿಗೆ ಬರುವ ತಂಡ ಬೆಳವಣಿಗೆಯ ತೊಂದರೆಗಳನ್ನೂ ನೋಡುತ್ತದೆ. ಅಲ್ಲಿಂದ ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, 1965ರಲ್ಲಿ ಶುರುವಾದ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇವೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಐಎಸ್‌ಎಎ ಎಂಬ 40 ಅಂಶಗಳ ಭಾರತೀಯ ಮಾಪನವನ್ನು ಬಳಸುತ್ತಾರೆ.

ಚಿಕಿತ್ಸೆಯ ಹೆಸರಿನಲ್ಲಿ

ಆಟಿಸಂ ಅನ್ನು ‘ವಾಸಿ’ ಮಾಡುವ ಔಷಧ ಇಲ್ಲ. ನಿದ್ದೆ, ಮೂರ್ಛೆ, ತೀವ್ರ ಕೆರಳುವಿಕೆಗೆ ಔಷಧಗಳಿವೆ. ಮುಖ್ಯ ನೆರವು ಮಾತು ಕಲಿಸುವ ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿ, ವಿಶೇಷ ಶಿಕ್ಷಣ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ತರಬೇತಿ ಪಡೆದ ತಂದೆತಾಯಿ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳೊಂದಿಗೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಸಾಕ್ಷಿ. ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತಾಯಿ ಮಗು ಆಡುವುದನ್ನು ವೀಡಿಯೊ ಮಾಡಿ, ತಾಯಿಯೊಂದಿಗೇ ಕುಳಿತು ನೋಡುತ್ತಿದ್ದರು. ಮಗು ಯಾವ ಗಳಿಗೆಯಲ್ಲಿ ಸ್ಪಂದಿಸಿತು, ಆಗ ತಾಯಿ ಏನು ಮಾಡಿದ್ದಳು ಎಂದು ಹುಡುಕಿ ಅದನ್ನೇ ಹೆಚ್ಚಿಸುತ್ತಿದ್ದರು. ಮಕ್ಕಳು ತಾವಾಗಿ ಒಡನಾಟ ಶುರು ಮಾಡುವುದು ಹೆಚ್ಚಿತು. ದೊಡ್ಡ ನಗರದ ದುಬಾರಿ ಕೇಂದ್ರ ಇಲ್ಲದಿದ್ದರೂ ಮಾಡಬಹುದಾದದ್ದು ಬಹಳಷ್ಟಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಾತು ಬಾರದ ಮಗುವಿಗೆ ಚಿತ್ರಫಲಕ ಅಥವಾ ಟ್ಯಾಬ್ಲೆಟ್ ಕೊಟ್ಟರೆ ಮಾತೇ ಬರುವುದಿಲ್ಲ ಎಂಬ ಹೆದರಿಕೆಗೂ ಆಧಾರವಿಲ್ಲ. ಚೆನ್ನೈಯಲ್ಲಿ ರೂಪುಗೊಂಡ ‘ಆವಾಜ್’ ಎಂಬ ಆ್ಯಪ್ ಚಿತ್ರ ಮುಟ್ಟಿದರೆ ಮಗುವಿನ ಪರವಾಗಿ ಮಾತಾಡುತ್ತದೆ. ಹಾಗೆಯೇ ಭಾಷೆಯ ವಿಚಾರ. ಬೆಂಗಳೂರಿನಲ್ಲೂ ವಿದೇಶದಲ್ಲೂ ಎಷ್ಟೋ ಕನ್ನಡದ ಮನೆಗಳಿಗೆ ‘ಮಗುವಿಗೆ ಗೊಂದಲವಾಗುತ್ತದೆ, ಇಂಗ್ಲಿಷ್ ಮಾತ್ರ ಆಡಿ’ ಎಂಬ ಸಲಹೆ ಸಿಗುತ್ತದೆ. ಎರಡು ಭಾಷೆಯ ಮನೆಯಲ್ಲಿ ಬೆಳೆದ ಆಟಿಸಂ ಮಕ್ಕಳ ಮಾತು ಅದರಿಂದ ಹಿಂದೆ ಬೀಳುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಕನ್ನಡ ಬಿಡಿಸಿದರೆ ಆ ಮಗು ಅಜ್ಜ ಅಜ್ಜಿಯ ಮಾತನ್ನೂ ಕಳೆದುಕೊಳ್ಳುತ್ತದೆ.

ಇನ್ನು ಮಾರುಕಟ್ಟೆ. ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಆಟಿಸಂ ಗುಣವಾಗುತ್ತದೆಂದು ಲಕ್ಷಗಟ್ಟಲೆ ಹಣ ಕೀಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಕೆಲವು ರಕ್ತಸಂಬಂಧಿ ಕಾಯಿಲೆಗಳಂಥ ಅನುಮೋದಿತ ಸಂದರ್ಭಗಳನ್ನು ಬಿಟ್ಟರೆ, ಸಂಶೋಧನಾ ಪ್ರಯೋಗದ ಹೊರಗೆ ಇಂಥ ಚಿಕಿತ್ಸೆ ಸಲ್ಲದು. ಆಟಿಸಂ ಆ ಅನುಮೋದಿತ ಪಟ್ಟಿಯಲ್ಲಿಲ್ಲ. ದೇಹದಿಂದ ಲೋಹ ತೆಗೆಯುತ್ತೇವೆಂಬ ಕೀಲೇಷನ್ ಚಿಕಿತ್ಸೆಗೆ 2005ರಲ್ಲಿ ಅಮೆರಿಕದಲ್ಲಿ ಆಟಿಸಂ ಇದ್ದ ಐದು ವರ್ಷದ ಬಾಲಕ ಬಲಿಯಾದ. ಖಾತರಿ ಕೊಡುವವರನ್ನು, ಮುಂಗಡ ಹಣಕ್ಕೆ ಅವಸರಿಸುವವರನ್ನು ನಂಬಬೇಡಿ.

ದೊಡ್ಡವರಾದ ಮೇಲೆ

ಆಟಿಸಂ ಮಕ್ಕಳ ವಿಷಯವೆಂದು ನಾವು ತಿಳಿದಿದ್ದೇವೆ, ಆದರೆ ಮಕ್ಕಳು ಬೆಳೆಯುತ್ತಾರೆ. ಕಾನರ್ ನೋಡಿದ ಆ ಡೊನಾಲ್ಡ್ ಕಾಲೇಜು ಮುಗಿಸಿ, ತನ್ನೂರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, ಕಾರು ಓಡಿಸಿ, ಗಾಲ್ಫ್ ಆಡಿ, ದೇಶದೇಶ ಸುತ್ತಿ, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಮನೆಯವರು ಅನುಕೂಲಸ್ಥರಾಗಿದ್ದರು ಎಂಬುದು ನಿಜ. ಊರಿನವರು ಅವರನ್ನು ತಮ್ಮವನೆಂದು ಕಂಡದ್ದೂ ಅಷ್ಟೇ ನಿಜ.

ನಮ್ಮಲ್ಲಿ ‘ಮದುವೆ ಮಾಡಿದರೆ ಸರಿಹೋಗುತ್ತದೆ’ ಎಂಬ ಮಾತು ಇನ್ನೂ ಇದೆ. ಹೋಗುವುದಿಲ್ಲ; ಇಬ್ಬರ ಬದುಕು ಕಷ್ಟಕ್ಕೆ ಸಿಲುಕುತ್ತದೆ. ಆಟಿಸಂ ಇರುವವರು ಮದುವೆಯಾಗಬಾರದೆಂದು ಇದರ ಅರ್ಥವಲ್ಲ. ಒಪ್ಪಿ, ತಿಳಿದು ಆಗುವ ಮದುವೆಯೇ ಬೇರೆ, ಔಷಧವೆಂದು ಮಾಡುವ ಮದುವೆಯೇ ಬೇರೆ.

ಕಾನೂನಿನಲ್ಲಿ ಇರುವುದನ್ನು ಎಲ್ಲ ಪೋಷಕರೂ ತಿಳಿದಿರಬೇಕು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ಅಂಗವೈಕಲ್ಯದ ಪ್ರಮಾಣ 40% ಅಥವಾ ಹೆಚ್ಚಿದ್ದರೆ 6ರಿಂದ 18ರ ವಯಸ್ಸಿನವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಯಲ್ಲಿ ಬರೆಯಲು ಸಹಾಯಕರನ್ನೂ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನೂ ಕೇಳಬಹುದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ರಕ್ಷಣೆ ಇದೆ. ಮಗುವಿಗೆ 18 ತುಂಬಿದ ದಿನದಿಂದ ಬ್ಯಾಂಕ್, ಆಸ್ತಿ, ಆಸ್ಪತ್ರೆಯ ಸಹಿಗಳಿಗೆ ತಂದೆತಾಯಿಗೆ ತಾನಾಗಿ ಅಧಿಕಾರವಿರುವುದಿಲ್ಲ. ತನ್ನ ನಿರ್ಧಾರಗಳನ್ನು ತಾನೇ ತೆಗೆದುಕೊಳ್ಳಲಾಗದವರಿಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಪ್ರಮಾಣಪತ್ರ ಪಡೆಯಬೇಕು. ಬೇಕಾಗುವ ಮೊದಲ ದಾಖಲೆ ಯುಡಿಐಡಿ ಕಾರ್ಡ್, ಅಂದರೆ ಅಂಗವೈಕಲ್ಯದ ವಿಶಿಷ್ಟ ಗುರುತಿನ ಚೀಟಿ. ಅದನ್ನು ಮಗು ಚಿಕ್ಕದಿರುವಾಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.